ಪ್ರಿನ್ಸ್ ಆಫ್ ಪರ್ಷಿಯಾ: ವಾರಿಯರ್ ವಿದಿನ್‌ಗೆ ಆ ಕೆಟ್ಟ ಹೆಸರು ನ್ಯಾಯವಾ?

ದುರ್ಗಿಗುಡಿ ಹಳೇಹುಲಿ (ಶಿವಮೊಗ್ಗ)

ಅಕ್ಕನ ಮಗ ಪರೀಕ್ಷೆ ಮುಗಿಸ್ಕೊಂಡು ಬಂದು ನಮ್ಮನೇಲಿ ಠಿಕಾಣಿ ಹಾಕಿದಾನೆ. ಬಿಇ ಎರಡನೇ ವರ್ಷ. ಮೊನ್ನೆ ರಾತ್ರಿ ಊಟ ಆದ್ಮೇಲೆ "ಮಾಮ, ಪ್ರಿನ್ಸ್ ಆಫ್ ಪರ್ಷಿಯಾದ ಹಳೇ ಗೇಮ್‌ಗಳು ಕಡಿಮೆ ರೇಟಿಗೆ ಬಂದಿದಾವೆ, ಯಾವುದು ತಗೊಳ್ಲಿ?" ಅಂದ. "ಸ್ಯಾಂಡ್ಸ್ ಆಫ್ ಟೈಮ್ ತಗೋ. ಅದರ ಮುಂದಿನದು ವಾರಿಯರ್ ವಿದಿನ್, ಅದನ್ನ ಮುಟ್ಟಬೇಡ. ಕುಲಗೆಡಿಸಿ ಇಟ್ಟಿದಾರೆ" ಅಂದೆ. "ಏನ್ ಕೆಡಿಸಿದಾರೆ?" ಅಂತ ಕೇಳಿದ. ಒಂದು ನಿಮಿಷ ಯೋಚನೆ ಮಾಡಿದೆ. ಇಪ್ಪತ್ತು ವರ್ಷದಿಂದ ಸಿಕ್ಕಿದವರಿಗೆಲ್ಲ ಇದೇ ಮಾತು ಹೇಳ್ಕೊಂಡು ಬಂದಿದೀನಿ, ಕಾರಣ ಮಾತ್ರ ನಂದಲ್ಲ, ಆವಾಗ ಎಲ್ಲೋ ಓದಿದ್ದು. ಅವನ ಮುಂದೆ ಮರ್ಯಾದೆ ಹೋಯ್ತು. ಈಗ ಇಬ್ರೂ ಸೇರಿ ಅದನ್ನೇ ಹಾಕ್ಕೊಂಡು ಕೂತಿದೀವಿ, ಮುಕ್ಕಾಲು ಭಾಗ ಆಗಿದೆ.

ಗೊತ್ತಿಲ್ಲದವರಿಗೆ ಎರಡೇ ಮಾತು. 2003ರಲ್ಲಿ ಯೂಬಿಸಾಫ್ಟ್‌ನ ಮಾಂಟ್ರಿಯಲ್ ಸ್ಟುಡಿಯೋದವರು ಸ್ಯಾಂಡ್ಸ್ ಆಫ್ ಟೈಮ್ ತಂದ್ರು. ಗೋಡೆ ಮೇಲೆ ಓಡೋದು, ತಪ್ಪಿ ಬಿದ್ರೆ ಕಠಾರಿಯಿಂದ ಕಾಲವನ್ನೇ ಹಿಂದಕ್ಕೆ ಸುತ್ತೋದು. ಎಲ್ಲರೂ ಹೊಗಳಿದ್ರು. ಒಂದೇ ವರ್ಷಕ್ಕೆ, 2004ರ ಕೊನೇಲಿ, ಮುಂದಿನ ಭಾಗ ಬಂತು. ಅದರಲ್ಲಿ ಅದೇ ರಾಜಕುಮಾರ ಕುರುಚಲು ಗಡ್ಡ ಬಿಟ್ಕೊಂಡು ಕೋಪದಲ್ಲಿ ಕಿರುಚ್ತಿದಾನೆ. ಹಿಂದೆ ಗಾಡ್‌ಸ್ಮ್ಯಾಕ್ ಬ್ಯಾಂಡಿನ ಮೆಟಲ್ ಸಂಗೀತ. ತಲೆ ಹಾರತ್ತೆ, ಸೊಂಟಕ್ಕೇ ಎರಡು ತುಂಡಾಗತ್ತೆ. ಅಮೆರಿಕದ ರೇಟಿಂಗ್ ಹದಿಹರೆಯದವರಿಗೆ ಅಂತ ಇದ್ದದ್ದು ದೊಡ್ಡವರಿಗೆ ಮಾತ್ರ ಅಂತ ಆಯ್ತು.

ನಾನು ಇದನ್ನ ಮೊದಲ ಸಲ ಆಡಿದ್ದು 2005ರ ಮಳೆಗಾಲದಲ್ಲಿ. ನೆಹರೂ ರೋಡಿನ ಒಂದು ಅಂಗಡೀಲಿ ಜೋಡಿಸ್ಕೊಂಡು ಬಂದಿದ್ದ ಪೆಂಟಿಯಂ 4. ಅಂಗಡಿಯವನು "ಎಲ್ಲಾ ಗೇಮೂ ಓಡತ್ತೆ ಸಾರ್" ಅಂತ ಹಾಕ್ಕೊಟ್ಟ ಗ್ರಾಫಿಕ್ಸ್ ಕಾರ್ಡಿಗೆ ಪಿಕ್ಸೆಲ್ ಶೇಡರ್ರೇ ಇರ್ಲಿಲ್ಲ. ಈ ಗೇಮಿಗೆ ಅದಿಲ್ಲದೆ ಆಗಲ್ಲ. ಥ್ರೀಡಿ ಅನಲೈಜ್ ಅಂತ ಒಂದು ಪುಟ್ಟ ಪ್ರೋಗ್ರಾಂ ಇತ್ತು, ಕಾರ್ಡಿನಲ್ಲಿ ಇಲ್ಲದ್ದನ್ನ ಇದೆ ಅಂತ ಗೇಮಿಗೆ ನಂಬಿಸೋದು. ಅದರಲ್ಲಿ ಯಾವ್ಯಾವ ಬಾಕ್ಸಿಗೆ ಟಿಕ್ ಹಾಕ್ಬೇಕು ಅನ್ನೋದನ್ನ ಸೈಬರ್ ಸೆಂಟರಿನ ಹುಡುಗ ಬಸ್ ಟಿಕೆಟ್ ಹಿಂದೆ ಬರ್ಕೊಟ್ಟಿದ್ದ. ಕೊನೆಗೂ ಓಡ್ತು. ನೀರು ಇರೋ ಕಡೆ ಎಲ್ಲ ಕಪ್ಪು ಚೌಕ ಕಾಣ್ತಿತ್ತು, ಅಷ್ಟೇ.

ಈ ಗೇಮಲ್ಲಿ ನೀರೇ ಪ್ರಾಣ. ಸೇವ್ ಮಾಡ್ಬೇಕು ಅಂದ್ರೆ ಅಲ್ಲಲ್ಲಿ ಇರೋ ಕಾರಂಜಿಗೆ ಹೋಗಿ ನೀರು ಕುಡೀಬೇಕು, ಬೇರೆ ದಾರಿ ಇಲ್ಲ. ಬೆನ್ನಟ್ಟಿ ಬರೋ ದಹಾಕ ಅನ್ನೋ ಭೂತ ಯಾವುದಕ್ಕೂ ಸಾಯಲ್ಲ, ನೀರಿನ ಪರದೆ ಮಾತ್ರ ದಾಟಕ್ಕಾಗಲ್ಲ. ಅವನು ಬಂದ ಅಂದ್ರೆ ಪರದೆ ಬಣ್ಣ ಎಲ್ಲ ಇಂಗಿಹೋಗತ್ತೆ, ಹಿಂದಿಂದ ಕರೀ ಬಳ್ಳಿ ಥರದ ಕೈಗಳು ಚಾಚ್ಕೊಂಡು ಬರ್ತಾವೆ. ಆಗ ಓಡೋದೊಂದೇ ಕೆಲಸ. ನಂದೊಂದು ಹಣೆಬರಹ, ಪ್ರತೀ ಸಲ ದಹಾಕ ಬರೋ ಹೊತ್ತಿಗೇ ಕರೆಂಟ್ ಹೋಗ್ತಿತ್ತು. ಯುಪಿಎಸ್ ಕೀಂ ಕೀಂ ಅನ್ನಕ್ಕೆ ಶುರು. ಏಳು ನಿಮಿಷ ತಡೀತಿತ್ತು, ಬ್ಯಾಟರಿ ಹಳೇದಾದ ಮೇಲೆ ನಾಲ್ಕೇ. ಅಷ್ಟರಲ್ಲಿ ದಹಾಕನಿಂದ ತಪ್ಪಿಸ್ಕೊಂಡು ಕಾರಂಜಿ ಮುಟ್ಟಿ ಮೂರು ಗುಟುಕು ಕುಡಿದ್ರೆ ಬಚಾವ್. ಇಲ್ಲಾಂದ್ರೆ ಆ ರಾತ್ರಿ ಪೂರ್ತಿ ನೀರಲ್ಲಿ ಹೋಮ. ಆ ಗೇಮ್ ಮಾಡಿದವರು ಯಾರೂ ಅಷ್ಟು ಹೆದರಿಕೇಲಿ ಅದನ್ನ ಆಡಿರಲ್ಲ ಅಂತ ಈಗಲೂ ನಂಬಿದೀನಿ.

ಸರಿ, ಈಗ ಮತ್ತೆ ಆಡಿದಾಗ ಕಂಡದ್ದು. ಹೊಡೆದಾಟ ಮೊದಲನೇದಕ್ಕಿಂತ ಎಷ್ಟೋ ಮೇಲು, ಇದನ್ನ ಒಪ್ಪಲೇಬೇಕು. ಸ್ಯಾಂಡ್ಸ್ ಆಫ್ ಟೈಮ್‌ನಲ್ಲಿ ಮಾಡ್ತಿದ್ದದ್ದೇನು? ತಲೆ ಮೇಲಿಂದ ಹಾರು, ಬೆನ್ನಿಗೆ ಕಡಿ, ಕಠಾರಿ ಚುಚ್ಚಿ ಮರಳು ಹೀರ್ಕೋ. ಇಪ್ಪತ್ತು ಜನ ಬಂದ್ರೆ ಇಪ್ಪತ್ತು ಸಲ ಅದೇ. ಇಲ್ಲಿ ಎಡಗೈಗೆ ಎದುರಾಳೀದೇ ಆಯುಧ ಕಿತ್ಕೊಳ್ಳಬಹುದು, ಸವೆದ ಮೇಲೆ ಅವನ ಮುಖಕ್ಕೇ ಎಸೀಬಹುದು, ಕಂಬ ಹಿಡಿದು ಸುತ್ತ ತಿರುಗಿ ಕಡೀಬಹುದು. ಒಂದೇ ಕೋಟೇನ ಎರಡು ಕಾಲದಲ್ಲಿ ಓಡಾಡೋದಂತೂ ಎಂತಾ ಚೆಂದ. ಈಗಿನ ಕಾಲದಲ್ಲಿ ಹಾಳು ಬಿದ್ದ ತೋಟ, ಬಳ್ಳಿ ಹಬ್ಬಿದ ಗೋಡೆ. ಕಾಲದ ಬಾಗಿಲು ದಾಟಿ ಹಿಂದಕ್ಕೆ ಹೋದ್ರೆ ಅದೇ ಜಾಗ ಝಗಮಗ, ಇಲ್ಲಿ ಕುಸಿದಿದ್ದ ಸೇತುವೆ ಅಲ್ಲಿ ಗಟ್ಟಿಯಾಗಿ ನಿಂತಿರತ್ತೆ. ಹುಡುಗ ಎರಡು ದಿನದಿಂದ ಊಟಕ್ಕೆ ಕರೆದ್ರೂ ಏಳ್ತಿಲ್ಲ.

ಆದ್ರೂ ನನಗೆ ಏನೋ ಚುಚ್ತಾ ಇದೆ. ರಕ್ತ ಅಲ್ಲ, ಗಿಟಾರೂ ಅಲ್ಲ. ಮೊದಲನೇದರಲ್ಲಿ ರಾಜಕುಮಾರ ಕಥೆ ಹೇಳ್ತಿರ್ತಾನೆ. ನಾವು ಎಲ್ಲೋ ಜಾರಿ ಬಿದ್ದು ಸತ್ರೆ ಅವನ ದನಿ ಬರತ್ತೆ: ಇಲ್ಲ ಇಲ್ಲ, ನಡೆದದ್ದು ಹಾಗಲ್ಲ, ತಡಿ, ಮತ್ತೆ ಹೇಳ್ತೀನಿ. ನಮ್ಮಜ್ಜಿ ಇದ್ದದ್ದು ತೀರ್ಥಹಳ್ಳಿ ಕಡೆ ಒಂದು ಊರಲ್ಲಿ. ರಾತ್ರಿ ಕರೆಂಟಿಲ್ಲದಾಗ ಒಲೆ ಮುಂದೆ ಕೂತು ಕಥೆ ಹೇಳೋರು. ಮಧ್ಯದಲ್ಲಿ ರಾಕ್ಷಸನ್ನ ಬೇಗ ಕೊಂದು ಬಿಡೋರು, ನಾವು "ಅಜ್ಜಿ, ಅವನು ಇನ್ನೂ ಏಳು ಸಮುದ್ರ ದಾಟ್ಬೇಕಿತ್ತಲ್ಲ" ಅಂದ್ರೆ, "ಹೌದಲ್ದಾ, ತಡಿ, ಅವ ಸತ್ತಿರ್ಲಿಲ್ಲ" ಅಂತ ಎಬ್ಬಿಸಿ ಕೂರ್ಸೋರು. ಸ್ಯಾಂಡ್ಸ್ ಆಫ್ ಟೈಮ್ ಆಡ್ವಾಗ ನನಗೆ ಅದೇ ಒಲೆ ಮುಂದೆ ಕೂತ ಹಾಗೆ ಇತ್ತು. ವಾರಿಯರ್ ವಿದಿನ್‌ನಲ್ಲಿ ಸತ್ರೆ ಸತ್ತ ಹಾಗೆ. ಯಾರೂ "ತಡಿ" ಅನ್ನಲ್ಲ.

ಇಷ್ಟಕ್ಕೇ ಒಂದು ಗೇಮು ಕೆಟ್ಟದ್ದು ಅನ್ನಕ್ಕಾಗತ್ತಾ? ನೀವೆಲ್ಲ ಏನಂತೀರಿ? ಬರೀ "ಸೂಪರ್", "ದಂಡ" ಅನ್ಬೇಡಿ. ಕಾರಣ ಕೊಡಿ, ನನಗೆ ಹುಡುಗನಿಗೆ ಹೇಳಕ್ಕೆ ಬೇಕು.

ಭದ್ರಾವತಿ ಬಿರುಗಾಳಿ

ಅಣ್ಣಾ, ನಾನು ಮೊದಲು ಆಡಿದ್ದೇ ವಾರಿಯರ್ ವಿದಿನ್. ಸ್ಯಾಂಡ್ಸ್ ಆಫ್ ಟೈಮ್ ಆಮೇಲೆ ಆಡಿದೆ. ನನಗೆ ಅದು ಚಂದಮಾಮದ ಥರ ಅನ್ನಿಸ್ತು, ಇದು ಎದೆಗೆ ಒದ್ದ ಥರ. ಯಾವುದು ಮೊದಲು ಸಿಕ್ತೋ ಅದೇ ನಮಗೆ ಒಳ್ಳೇದು ಅಂತ ನೀವು ಹೇಳಬಹುದು, ಹೇಳಿ.

ಆದ್ರೆ ಕಥೆ ಇಲ್ಲ ಅಂದ್ರೆ ನಾನು ಒಪ್ಪಲ್ಲ. ಕಾಲ ತಿರುಗಿಸೋ ಆ ಮಾಯದ ಮರಳನ್ನ ಬಿಡಿಸಿದವನು ಸಾಯಲೇಬೇಕು ಅಂತ ಇತ್ತು, ಇವನು ಕಾಲವನ್ನೇ ತಿರುಗಿಸಿ ತಪ್ಪಿಸ್ಕೊಂಡ. ಅದಕ್ಕೇ ಏಳು ವರ್ಷದಿಂದ ದಹಾಕ ಬೆನ್ನು ಬಿದ್ದಿದಾನೆ. ಇನ್ನು ಉಳಿದಿರೋ ದಾರಿ ಅಂದ್ರೆ ಆ ಮರಳು ಹುಟ್ಟೋಕೆ ಮುಂಚೇನೇ ತಡೆಯೋದು ಅಂತ ಕಾಲದ ದ್ವೀಪಕ್ಕೆ ಹೋಗ್ತಾನೆ, ಅಲ್ಲಿನ ಸಾಮ್ರಾಜ್ಞಿಯನ್ನ ಕೊಲ್ತಾನೆ. ಅವಳು ಸತ್ತದ್ದರಿಂದಲೇ ಮರಳು ಹುಟ್ಟತ್ತೆ! ತಪ್ಪಿಸ್ಕೊಳ್ಳಕ್ಕೆ ಮಾಡಿದ್ದೇ ಕುತ್ತಿಗೆಗೆ ಬಂತು. ಪರೀಕ್ಷಿತ ಒಂಟಿಕಂಬದ ಮನೆ ಕಟ್ಕೊಂಡು ಕೂತ್ರೂ ತಕ್ಷಕ ಹಣ್ಣಿನ ಹುಳ ಆಗಿ ಬಂದ ನೋಡಿ, ಅದೇ ಲೆಕ್ಕ. ಇಷ್ಟೆಲ್ಲಾ ಆದವನು ನಗ್ತಾ ಇರ್ಬೇಕಿತ್ತಾ? ಏಳು ವರ್ಷ ನಿದ್ದೆಗೆಟ್ಟವನು ಕಿರುಚೋದು ನನಗಂತೂ ಸಹಜ ಅನ್ನಿಸ್ತು.

ಇನ್ನೊಂದು. ನಿಮಗೆ ಮುಕ್ಕಾಲು ಆಗಿದೆ ಅಂದ್ರಿ, ಮುಖವಾಡದ ಭಾಗ ಬಂತಾ? ಶುರುವಲ್ಲೆಲ್ಲೋ ಒಂದು ಕರೀ ಆಕೃತಿ ನಮ್ಮನ್ನ ಹಿಂಬಾಲಿಸ್ತಿರತ್ತೆ, ದಹಾಕ ಬಂದು ಅದನ್ನ ಎಳ್ಕೊಂಡು ಹೋಗ್ತಾನೆ. ಆಗ ನಾವು ಅಬ್ಬ, ಉಳ್ಕೊಂಡೆ ಅಂದ್ಕೋತೀವಿ. ಎಷ್ಟೋ ಗಂಟೆ ಆದ್ಮೇಲೆ ಮುಖವಾಡ ಹಾಕ್ಕೊಂಡಾಗ ಗೊತ್ತಾಗತ್ತೆ, ಆ ಆಕೃತಿ ನಾವೇ. ಅದೇ ಜಾಗಕ್ಕೆ ಬೇರೆ ಕಡೆಯಿಂದ ಬರ್ತೀವಿ, ಹಳೇ ನಮ್ಮನ್ನ ದೂರದಿಂದ ನೋಡ್ತೀವಿ, ಜೀವ ಒಂದೇ ಸಮ ಸೋರ್ತಾ ಇರತ್ತೆ. ಈ ಸಲ ದಹಾಕ ಯಾರನ್ನ ಎಳೀಬೇಕು ಅನ್ನೋದು ನಮ್ಮ ಕೈಲಿ. ನನಗೆ ಆವಾಗ ಹದಿನಾರು ವರ್ಷ, ಕುರ್ಚಿಯಿಂದ ಎದ್ದು ನಿಂತಿದ್ದೆ. ಇಂಥಾದ್ದು ಮೊದಲನೇ ಗೇಮಲ್ಲಿ ಎಲ್ಲಿದೆ ತೋರ್ಸಿ.

ಸಾಗರದ ಕಡೆಯವಳು

ಹಳೇಹುಲಿಯವರೇ, ರಕ್ತ ಅಲ್ಲ ಗಿಟಾರ್ ಅಲ್ಲ ಅಂತ ದೊಡ್ಡ ಪಟ್ಟಿ ಕೊಟ್ರಿ. ಎಲ್ಲರಿಗೂ ಕಂಡ ಒಂದು ವಿಷಯ ನಿಮ್ಮ ಕಣ್ಣಿಗೆ ಬೀಳ್ಲೇ ಇಲ್ವಾ? ಗಂಡಸರಿಗೆ ಅದು ಬೀಳೋದಿಲ್ಲ ಬಿಡಿ.

ನಮ್ಮನೇಲಿ ಕಂಪ್ಯೂಟರ್ ಇದ್ದದ್ದು ಜಗಲೀಲಿ. ನಾನೂ ತಮ್ಮನೂ ಸ್ಯಾಂಡ್ಸ್ ಆಫ್ ಟೈಮ್ ಎರಡು ಸಲ ಮುಗಿಸಿದ್ವಿ, ಫರಾ ಅಂದ್ರೆ ನನಗೆ ಪ್ರಾಣ. ಬಿಲ್ಲು ಹಿಡಿದು ಹಿಂದೆ ನಿಂತಿರ್ತಿದ್ಲು, ಗೋಡೆ ಬಿರುಕಲ್ಲಿ ನುಸುಳಿ ಆ ಕಡೆಯಿಂದ ಬಾಗಿಲು ತೆಗೀತಿದ್ಲು, ಒಂದೊಂದ್ಸಲ ಅವಳ ಬಾಣ ರಾಜಕುಮಾರನಿಗೇ ತಾಗ್ತಿತ್ತು. ಅವನ ಜಂಬಕ್ಕೆ ಸರೀ ಉತ್ತರ ಕೊಡ್ತಿದ್ಲು. ಇಬ್ಬರ ಜಗಳ ಕೇಳಕ್ಕೇ ನಾವು ಬೇಕಂತ ನಿಧಾನ ಆಡ್ತಿದ್ವಿ.

ಆಮೇಲೆ ತಮ್ಮ ಎಲ್ಲಿಂದಲೋ ವಾರಿಯರ್ ವಿದಿನ್ ಸಿಡಿ ತಂದ. ಅಡಿಕೆ ಸುಗ್ಗಿ ಟೈಮು. ಅದೇ ಜಗಲೀಲಿ ಅಪ್ಪ, ದೊಡ್ಡಪ್ಪ, ಅಡಿಕೆ ಸುಲಿಯಕ್ಕೆ ಬಂದಿದ್ದ ಏಳೆಂಟು ಹೆಂಗಸರು, ಎಲ್ಲರ ಮುಖವೂ ಪರದೆ ಕಡೆಗೆ, ಯಾಕಂದ್ರೆ ನೋಡಕ್ಕೆ ಬೇರೆ ಏನಿತ್ತು? ಹಡಗಿನ ಮೇಲೆ ಯುದ್ಧ, ಚೆನ್ನಾಗಿದೆ ಅಂತ ಎಲ್ಲರೂ ನೋಡ್ತಿದಾರೆ. ಶಾದಿ ಅನ್ನೋ ಹೆಂಗಸು ಬಂದ್ಲು. ಮೈಮೇಲೆ ನಾಲ್ಕು ತಗಡು. ಕ್ಯಾಮರಾ ಮುಖಕ್ಕೆ ಹೋಗೋ ಬದಲು ಹಿಂದೆ ಹೋಗಿ ಸೊಂಟದ ಕೆಳಗೆ ನಿಂತ್ಕೊಳ್ತು. ಕತ್ತಿಗಳ ಚರ್ ಚರ್ ಸದ್ದು ಒಟ್ಟಿಗೇ ನಿಂತದ್ದು ನನಗಿನ್ನೂ ಕಿವೀಲಿದೆ. ಆಮೇಲೆ ಸುಲಿಯೋರಲ್ಲಿ ಒಬ್ರು ಹಿರಿಯರು, "ಅಯ್ಯ, ಆ ಹುಡುಗಿಗೆ ಚಳಿ ಆಗಲ್ವಾ ತಂಗಿ, ಸಮುದ್ರದ ಗಾಳಿ ಬೇರೆ" ಅಂದ್ರು. ತಮ್ಮ ಮಾನಿಟರೇ ಆಫ್ ಮಾಡಿದ.

ಆ ಸಾಮ್ರಾಜ್ಞಿ ಇದಾಳಲ್ಲ, ಕೈಲೀನಾ, ಅವಳ ಪಾತ್ರಕ್ಕೆ ದನಿ ಕೊಟ್ಟದ್ದು ಮೋನಿಕಾ ಬೆಲೂಚಿ. ಅಷ್ಟು ದೊಡ್ಡ ನಟಿ, ಆ ಪಾತ್ರಕ್ಕೆ ತೂಕವೂ ಇದೆ, ತನ್ನ ಸಾವು ಮೊದಲೇ ಕಂಡಿರೋ ಹೆಂಗಸು. ಅವಳಿಗೂ ಸರಿಯಾದ ಒಂದು ಬಟ್ಟೆ ಕೊಡ್ಲಿಲ್ಲ. ಬಿರುಗಾಳಿಯವರೇ, ನೀವು ಹೇಳಿದ ಮುಖವಾಡದ ಭಾಗ ಅದ್ಭುತ, ಒಪ್ತೀನಿ. ಅದು ನನಗೆ ಸಿಕ್ಕಿದ್ದು ಹತ್ತು ವರ್ಷ ಆದ್ಮೇಲೆ, ಬೆಂಗಳೂರಲ್ಲಿ ನನ್ನದೇ ರೂಮು ಅಂತ ಆದಾಗ. ಅಲ್ಲಿವರೆಗೆ ಈ ಗೇಮು ಮನೇಲಿ ಆಡಕ್ಕಾಗದ ಗೇಮು. ಕೆಟ್ಟ ಹೆಸರು ಬಂದದ್ದಕ್ಕೆ ಅರ್ಧ ಕಾರಣ ಅದೇ, ಮತ್ತೆ ಅದು ನ್ಯಾಯವೇ.

ದುರ್ಗಿಗುಡಿ ಹಳೇಹುಲಿ

ಮೇಡಂ, ತಪ್ಪಾಯ್ತು. ಕಣ್ಣಿಗೆ ಬಿದ್ದಿತ್ತು, ಬರೆಯೋವಾಗ ಹಾರಿಸ್ಬಿಟ್ಟೆ. ಮೊನ್ನೆ ಆ ಸೀನ್ ಬಂದಾಗ ನನ್ನ ಹೆಂಡತಿ ಕಾಫಿ ತಗೊಂಡು ಬಂದ್ಲು. ಹುಡುಗ ನನ್ನ ಮುಖ ನೋಡಿದ, ನಾನು ಫ್ಯಾನ್ ನೋಡಿದೆ. "ಚಳಿ ಆಗಲ್ವಾ" ಅನ್ನೋದನ್ನ ಇಬ್ರಿಗೂ ಓದಿ ಹೇಳಿದೆ, ಮನೇಲಿ ಈಗ ಅದೇ ಗಾದೆ.

ಡಾಸ್ ಕಾಲದವ (ತೀರ್ಥಹಳ್ಳಿ)

ನಾನು ನಿಮಗಿಂತ ಒಂದು ತಲೆಮಾರು ಹಿಂದಿನವನು, ಹಾಗಾಗಿ ನನಗೆ "ಮೊದಲನೇದು" ಅಂದ್ರೆ 2003ರದ್ದಲ್ಲ, 1989ರದ್ದು. ಜೋರ್ಡನ್ ಮೆಕ್ನರ್ ಅನ್ನುವವರು ಆಪಲ್ 2 ಕಂಪ್ಯೂಟರಿಗೆ ಹೆಚ್ಚುಕಮ್ಮಿ ಒಬ್ಬರೇ ಕೂತು ಮಾಡಿದ್ದು. ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಒಂದೊಂದೇ ಚೌಕಟ್ಟು ನೋಡಿ ಗೊಂಬೆ ಬರೆದರು. ಅದಕ್ಕೇ ಆ ಪುಟಾಣಿ ಬಿಳಿ ಬಟ್ಟೆಯವನು ಅಂಚಿನಲ್ಲಿ ಜೋತಾಡುವಾಗ ನಮಗೇ ತೋಳು ನೋಯುತ್ತಿತ್ತು. ಶಿವಮೊಗ್ಗದ ಒಂದು ಕಂಪ್ಯೂಟರ್ ತರಗತಿಯಲ್ಲಿ, ಮೇಷ್ಟ್ರು ಇಲ್ಲದಾಗ, ಫ್ಲಾಪಿಯಿಂದ ಆಡಿದ್ದು. ಮೊದಲ ಹಂತ ದಾಟಿದ ಮೇಲೆ ಶೀಸೆಗಳ ಒಂದು ಕೋಣೆ ಬರುತ್ತಿತ್ತು, ಯಾವ ಅಕ್ಷರದ ಶೀಸೆ ಕುಡಿಯಬೇಕು ಅನ್ನುವುದು ಗೇಮಿನ ಜೊತೆ ಬಂದ ಕೈಪಿಡಿಯಲ್ಲಿ. ಕದ್ದ ಫ್ಲಾಪಿಗೆ ಕೈಪಿಡಿ ಎಲ್ಲಿಂದ ಬರಬೇಕು? ದೇವರ ಮೇಲೆ ಭಾರ ಹಾಕಿ ಕುಡಿಯುತ್ತಿದ್ದೆವು.

ನಾನು ಹೇಳಬೇಕೆಂದಿದ್ದು ಇದಲ್ಲ. ಆ ಹಳೇ ಆಟದಲ್ಲಿ ಒಂದು ಕನ್ನಡಿ ಇತ್ತು. ಅದರೊಳಕ್ಕೆ ನುಗ್ಗಿ ಹಾರಬೇಕು. ಹಾರಿದಾಗ ಆಚೆ ಕಡೆಯಿಂದ ನಮ್ಮದೇ ನೆರಳು ಬೇರೆಯಾಗಿ ಓಡಿಹೋಗುತ್ತಿತ್ತು. ಆಮೇಲೆ ಅದು ನಮ್ಮ ಔಷಧಿ ಕದಿಯುವುದು, ಬಾಗಿಲು ಮುಚ್ಚುವುದು. ಕೊನೆ ಹತ್ತಿರ ಕತ್ತಿ ಹಿಡಿದು ಎದುರಿಗೆ ನಿಲ್ಲುತ್ತದೆ. ಅದಕ್ಕೆ ಹೊಡೆದರೆ ನಮ್ಮ ಜೀವವೇ ಕಡಿಮೆಯಾಗುತ್ತದೆ. ಎಷ್ಟು ದಿನ ಹೊಡೆದು ಹೊಡೆದು ಸತ್ತೆವೋ! ಗೆಳೆಯನೊಬ್ಬ ಬೇಜಾರಾಗಿ ಕತ್ತಿ ಒರೆಗೆ ಹಾಕುವ ಕೀಲಿ ಒತ್ತಿದ. ನೆರಳೂ ಕತ್ತಿ ಒರೆಗೆ ಹಾಕಿತು. ಇಬ್ಬರೂ ಹತ್ತಿರ ಬಂದು ಒಂದಾದರು. ಆ ಕೋಣೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ಅಂದರೆ ತನ್ನ ಎದುರು ತಾನೇ ನಿಲ್ಲುವ ವಿಷಯ ವಾರಿಯರ್ ವಿದಿನ್ ಹೊಸದಾಗಿ ತಂದದ್ದಲ್ಲ, ಬಿರುಗಾಳಿಯವರೇ. ವಂಶದಲ್ಲೇ ಇತ್ತು. ವಾರಿಯರ್ ವಿದಿನ್‌ನ ಮುಂದಿನ ಭಾಗ, 2005ರ ಟೂ ಥ್ರೋನ್ಸ್‌ನಲ್ಲೂ ಬರುತ್ತದೆ, ಅಲ್ಲಿ ತನ್ನೊಳಗಿನ ಕೇಡಿಗ ರಾಜಕುಮಾರನ ಜೊತೆ ಕಾದಾಡಿ ಗೆಲ್ಲುವುದಲ್ಲ, ಬೆನ್ನು ತಿರುಗಿಸಿ ನಡೆದುಬಿಡುವುದು. ಮೂರರಲ್ಲಿ ಎರಡು ಕಡೆ ಕತ್ತಿ ಕೆಳಗಿಟ್ಟರೆ ಗೆಲುವು. ನಡುವಿನದರಲ್ಲಿ ಮಾತ್ರ ಒಬ್ಬ ಬದುಕಬೇಕಾದರೆ ಇನ್ನೊಬ್ಬ ನಾನು ದಹಾಕನ ಬಾಯಿಗೆ ಬೀಳಬೇಕು. ಇದು ತಪ್ಪು ಅನ್ನುತ್ತಿಲ್ಲ. ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ನಡುವಿನದಕ್ಕೆ ಜಾಗ ಇದೆ. ಒಂದೇ ನೋಡಿದವರಿಗೆ ಬರೀ ಕೋಪ ಕಾಣುತ್ತದೆ.

ನಮ್ಮ ಕಡೆ ಯಕ್ಷಗಾನದ ಮಾತಿನಲ್ಲಿ ಹೇಳುವುದಾದರೆ, ಸ್ಯಾಂಡ್ಸ್ ಆಫ್ ಟೈಮ್‌ನಲ್ಲಿ ರಾಜಕುಮಾರನದು ಪುಂಡುವೇಷ. ಚುರುಕು, ಸ್ವಲ್ಪ ಜಂಬ, ಗಿರಕಿ ಹೊಡೆಯುವ ಅಭಿಮನ್ಯು. ಮರುವರ್ಷ ಅದೇ ಪಾತ್ರವನ್ನು ಬಣ್ಣದ ವೇಷ ಮಾಡಿ ಆರ್ಭಟೆ ಕೊಡಿಸಿ ರಂಗಕ್ಕೆ ಬಿಟ್ಟರು. ಬಣ್ಣದ ವೇಷ ಕೆಟ್ಟದ್ದಲ್ಲ, ಅದಿಲ್ಲದೆ ಆಟ ಕಳೆಗಟ್ಟುವುದಿಲ್ಲ. ಜನ ಎದ್ದುಹೋದದ್ದು ಅಭಿಮನ್ಯು ನೋಡಲು ಬಂದವರು ಅಂತ. ಹಳೇಹುಲಿಯವರು ಅಜ್ಜಿ ಅಂದದ್ದನ್ನು ನಾನು ಭಾಗವತರು ಅನ್ನುತ್ತೇನೆ. ವೇಷ ಬದಲಾದರೂ ಪರವಾಗಿಲ್ಲ, ಭಾಗವತರನ್ನೇ ಇಳಿಸಿಬಿಟ್ಟರೆ ಕುಣಿಯುವವನಿಗೆ ಪದ ಎತ್ತಿಕೊಡುವವರು ಯಾರು?

ಮೆಕ್ನರ್ 2003ರ ಆಟಕ್ಕೆ ಕಥೆ ಬರೆದಿದ್ದರು, 2004ರದ್ದರಲ್ಲಿ ಇರಲಿಲ್ಲ. ಅದರ ಹಿಂಸೆ, ಚಿತ್ರಶೈಲಿ ತಮಗೆ ಹಿಡಿಸಲಿಲ್ಲ ಅಂತ ಆಮೇಲೆ ಬಹಿರಂಗವಾಗೇ ಹೇಳಿಕೊಂಡರು. ರಾಜಕುಮಾರನ ದನಿ ಕೂಡ ಬದಲಾಗಿತ್ತು. ಯೂರಿ ಲೋವೆಂತಾಲ್ ಹೋಗಿ ರಾಬಿನ್ ಅಟ್ಕಿನ್ ಡೌನ್ಸ್ ಬಂದಿದ್ದರು, ಟೂ ಥ್ರೋನ್ಸ್‌ಗೆ ಲೋವೆಂತಾಲ್ ವಾಪಸ್ ಬಂದರು. ಕೇಳುವ ಕಿವಿಗೆ ಇಷ್ಟೇ ಸಾಕು, ಮಾಡಿದವರಿಗೂ ಎಲ್ಲಿ ಶ್ರುತಿ ತಪ್ಪಿತು ಅನ್ನುವುದು ಗೊತ್ತಾಗಿತ್ತು.

ಆಗುಂಬೆ ಘಾಟಿ

ನೀರು ಕಂಡ್ರೆ ಆಗಲ್ಲ ಅಂದ್ರಲ್ಲ ಆ ದಹಾಕನಿಗೆ. ಜುಲೈ ತಿಂಗಳಲ್ಲಿ ನಮ್ಮೂರಿಗೆ ಒಂದ್ಸಲ ಕಳ್ಸಿ. ಬಸ್ ಸ್ಟ್ಯಾಂಡಿಂದ ಆಚೆ ಬರಕ್ಕಾಗದೆ ಅಕ್ಟೋಬರ್ ತನಕ ಅಲ್ಲೇ ಚಾ ಕುಡೀತಾ ಕೂತಿರ್ತಾನೆ.

ಭದ್ರಾವತಿ ಬಿರುಗಾಳಿ

@ಡಾಸ್ ಕಾಲದವ ಸಾರ್, ಕತ್ತಿ ಒರೆಗೆ ಹಾಕೋ ವಿಷಯ ನನಗೆ ಗೊತ್ತೇ ಇರ್ಲಿಲ್ಲ. ಆದ್ರೂ ಎದ್ದುಹೋದವರು ಹೋದ್ರು, ನಮ್ಮಂಥವರು ಬೆಳಗಿನ ಜಾವದ ತನಕ ಕೂತಿದ್ವಲ್ಲ, ನಮ್ಮದೂ ಒಂದು ಲೆಕ್ಕ ಇಟ್ಕೊಳ್ಳಿ.

@ಹಳೇಹುಲಿ ಅಣ್ಣ, ಒಂದು ಮಾತು. ನೀವು 2005ರಲ್ಲಿ ಮುಗಿಸಿದಾಗ ಕೊನೇಲಿ ಯಾರ ಜೊತೆ ಫೈಟ್ ಬಂತು? ಕೈಲೀನಾ ಜೊತೆನಾ, ದಹಾಕನ ಜೊತೆನಾ?

ದುರ್ಗಿಗುಡಿ ಹಳೇಹುಲಿ

ಕೈಲೀನಾ ಜೊತೆ. ಅವಳನ್ನ ಕೊಂದು ಒಬ್ಬನೇ ಹಡಗು ಹತ್ತಿದ. ಯಾಕೆ, ಇನ್ನೊಂದಿದೆಯಾ?

ಭದ್ರಾವತಿ ಬಿರುಗಾಳಿ

ಅಯ್ಯೋ ಅಣ್ಣಾ! ಬಲೆ ಬೋನು ತುಂಬಿರೋ ಓಣಿಗಳ ಕೊನೇಲಿ ಜೀವ ಹೆಚ್ಚಿಸೋ ಜಾಗ ಇದಾವಲ್ಲ, ಅವು ಒಟ್ಟು ಒಂಬತ್ತು. ಒಂಬತ್ತೂ ಸಿಕ್ರೆ ನೀರಿನ ಕತ್ತಿ ಸಿಗತ್ತೆ. ಅದು ಕೈಲಿದ್ರೆ ಕೊನೇ ಫೈಟ್ ಕೈಲೀನಾ ಜೊತೆ ಅಲ್ಲ, ದಹಾಕನ ಜೊತೆ. ಅವಳು ಬದುಕ್ತಾಳೆ, ಇಬ್ರೂ ಒಟ್ಟಿಗೆ ಹಡಗು ಹತ್ತುತಾರೆ. ಟೂ ಥ್ರೋನ್ಸ್ ಶುರುವಾಗೋದೂ ಅಲ್ಲಿಂದಲೇ. ಇಪ್ಪತ್ತು ವರ್ಷ ನೀವು ಬೈದದ್ದು ಅರ್ಧ ಆಡಿದ ಗೇಮನ್ನ!

ದುರ್ಗಿಗುಡಿ ಹಳೇಹುಲಿ

ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆವಾಗ ನನ್ನ ಕಂಪ್ಯೂಟರಲ್ಲಿ ನೀರೆಲ್ಲ ಕಪ್ಪು ಚೌಕ ಆಗಿ ಕಾಣ್ತಿತ್ತು ಅಂದೆನಲ್ಲ, ನೀರಿನ ಕತ್ತಿ ಸಿಕ್ಕಿದ್ರೂ ಅದೂ ಕಪ್ಪು ಚೌಕವೇ ಆಗಿರ್ತಿತ್ತೋ ಏನೋ. ಟೂ ಥ್ರೋನ್ಸ್ ಶುರುವಲ್ಲಿ ಕೈಲೀನಾ ಜೀವಂತ ಇದ್ದಾಗ "ಇವರಿಗೆ ಹಳೇ ಕಥೆನೇ ನೆನಪಿಲ್ಲ, ಸತ್ತವಳನ್ನ ಎಬ್ಬಿಸಿ ಕೂರಿಸಿದಾರೆ" ಅಂತ ನಾಲ್ಕು ಜನರ ಮುಂದೆ ಆಡ್ಕೊಂಡಿದ್ದೆ.

ಭಾಗವತರನ್ನ ಇಳಿಸಿದ್ರು ಅನ್ನೋ ಮಾತು ಮಾತ್ರ ನಾನು ಬಿಡಲ್ಲ, ಅದನ್ನೇ ಹುಡುಗನಿಗೆ ಹೇಳಿದೀನಿ. ತಗಡಿನ ವಿಷಯ ಸಾಗರದವರು ಹೇಳಿದ್ದೇ ಸರಿ. ಬಾಕಿ "ಕುಲಗೆಡಿಸಿದಾರೆ" ಅಂದದ್ದನ್ನ ಹಿಂದಕ್ಕೆ ತಗೊಂಡೆ.

ಹುಡುಗ ಲೆಕ್ಕ ಹಾಕಿದ, ನಮ್ಮದು ಆರು ಆಗಿದೆ, ಮೂರು ಬಿಟ್ಟು ಬಂದಿದೀವಿ. ಒಂದು ಹಿಂದಿನ ಕಾಲದ ತೋಟದ ಹತ್ರ ಇದೆ ಅಂತ ಈಗ ವಾಪಸ್ ನಡೀತಿದೀವಿ. ಹೊರಗೆ ಗುಡುಗು ಶುರುವಾಗಿದೆ, ಲೈಟು ಎರಡು ಸಲ ಮಿಣುಕಿತು. ಲ್ಯಾಪ್‌ಟಾಪ್ ಅಲ್ವಾ, ಏನಾಗಲ್ಲ ಬಿಡಿ ಮಾಮ ಅಂತಾನೆ ಹುಡುಗ. ನಾನು ಹೇಳ್ತಿದೀನಿ, ಮೊದಲು ಆ ಕಾರಂಜಿ ಹತ್ರ ಹೋಗಿ ನೀರು ಕುಡಿ ಮಾರಾಯ, ಆಮೇಲೆ ಮಾತು.